ಮುಂದೆ ಓಡುವ ಮಗುವಿಗೆ ಮೇಷ್ಟ್ರನ್ನು ತಯಾರಿಸುವವರು ಯಾರು?

ಪ್ರತಿಭೆ ಎಂಬ ಮಾತು ನಮ್ಮ ಶಾಲೆಗಳ ಸುತ್ತ ಎರಡು ಸಂದರ್ಭಗಳಲ್ಲಿ ಹೆಚ್ಚಾಗಿ ಕಿವಿಗೆ ಬೀಳುತ್ತದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮೇಲೆ ಸಂಘ ಸಂಸ್ಥೆಗಳು ನಡೆಸುವ ಪ್ರತಿಭಾ ಪುರಸ್ಕಾರ ಒಂದು. ಅಲ್ಲಿ ಪ್ರತಿಭೆಯೆಂದರೆ ಅಂಕ. ಇನ್ನೊಂದು ಪ್ರತಿಭಾ ಕಾರಂಜಿ. ಅಲ್ಲಿ ಪ್ರತಿಭೆಯೆಂದರೆ ಕಂಠಪಾಠ, ಛದ್ಮವೇಷ, ಜನಪದ ಗೀತೆ. ನಾಲ್ಕನೇ ತರಗತಿಯ ಗಣಿತ ಪುಸ್ತಕವನ್ನು ಜುಲೈ ಮುಗಿಯುವಷ್ಟರಲ್ಲಿ ತಾನೇ ಓದಿ ಮುಗಿಸಿ, ಉಳಿದ ಎಂಟು ತಿಂಗಳು ಕಿಟಕಿಯಾಚೆ ನೋಡುತ್ತ ಕೂರುವ ಮಗು ಈ ಎರಡರಲ್ಲೂ ಇಲ್ಲ. ಅದರ ಅಂಕ ಎಷ್ಟೋ ಸಲ ಸಾಧಾರಣವಾಗಿಯೇ ಇರುತ್ತದೆ. ಬೇಸರವಾದ ಮಗು ಅಂದವಾಗಿ ಉತ್ತರ ಬರೆಯುವುದಿಲ್ಲ.

ಈ ಮಗುವಿನ ಬಗ್ಗೆ ಸರ್ಕಾರಿ ದಾಖಲೆಗಳಲ್ಲಿ ಏನೂ ಇಲ್ಲವೆಂದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕನೇ ಅಧ್ಯಾಯದ ಕೊನೆಯ ಕೆಲವು ಪ್ಯಾರಾಗಳು ಇದಕ್ಕೇ ಮೀಸಲು. ಪ್ರತಿಭಾನ್ವಿತ ಮಕ್ಕಳ ಶಿಕ್ಷಣಕ್ಕೆ ಎನ್‌ಸಿಇಆರ್‌ಟಿ ಮತ್ತು ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತಾದ ಎನ್‌ಸಿಟಿಇ ಮಾರ್ಗಸೂಚಿ ರೂಪಿಸಬೇಕು, ಬಿ.ಎಡ್. ಕೋರ್ಸುಗಳು ಈ ವಿಷಯದಲ್ಲಿ ವಿಶೇಷ ಅಧ್ಯಯನಕ್ಕೆ ಅವಕಾಶ ಕೊಡಬಹುದು ಎಂದು ಅಲ್ಲಿದೆ. 'ಕೊಡಬಹುದು' ಎಂಬ ಕ್ರಿಯಾಪದವನ್ನು ಗಮನಿಸಬೇಕು. ಕೊಡಲೇಬೇಕು ಎಂದಿದ್ದರೆ ಯಾರಾದರೂ ಉತ್ತರ ಹೇಳಬೇಕಾಗುತ್ತಿತ್ತು. ಕರ್ನಾಟಕವಂತೂ ತನ್ನದೇ ರಾಜ್ಯ ಶಿಕ್ಷಣ ನೀತಿಯ ದಾರಿ ಹಿಡಿದಿದೆ. ನೀತಿ ಯಾವುದೇ ಬರಲಿ, ಪ್ರಶ್ನೆ ಬದಲಾಗುವುದಿಲ್ಲ: ಇಂಥ ಮಗು ತರಗತಿಯಲ್ಲಿದ್ದಾಗ ಏನು ಮಾಡಬೇಕೆಂದು ಮೇಷ್ಟ್ರಿಗೆ ಕಲಿಸುವವರು ಯಾರು, ಎಲ್ಲಿ, ಹೇಗೆ?

ಇಂದಿನ ಬಿ.ಎಡ್. ಪಠ್ಯದಲ್ಲಿ ಈ ವಿಷಯ ಸಾಮಾನ್ಯವಾಗಿ ಮನೋವಿಜ್ಞಾನ ಪತ್ರಿಕೆಯ 'ವಿಶಿಷ್ಟ ಮಕ್ಕಳು' ಘಟಕದಲ್ಲಿ ಒಂದು ಉಪಶೀರ್ಷಿಕೆಯಾಗಿ ಬರುತ್ತದೆ. ವ್ಯಾಖ್ಯೆ, ಲಕ್ಷಣಗಳು, ಐದು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ವಿಶೇಷ ಶಿಕ್ಷಣದ ಬಿ.ಎಡ್. ಇದೆಯಲ್ಲ ಎನ್ನಬಹುದು. ಅದು ಭಾರತೀಯ ಪುನರ್ವಸತಿ ಪರಿಷತ್ತಿನ ಅಡಿಯಲ್ಲಿ ಬರುತ್ತದೆ, ಅಂಗವೈಕಲ್ಯಗಳಿಗೆ ಸಂಬಂಧಿಸಿದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪ್ರತಿಭೆ ಇಲ್ಲ, ಇರಬೇಕಾದದ್ದೂ ಅಲ್ಲ. ಹೀಗಾಗಿ ಹಿಂದುಳಿದ ಮಗುವಿಗೆ ಪರಿಹಾರ ಬೋಧನೆ, ಹತ್ತನೇ ತರಗತಿಗೆ ಪಾಸಿಂಗ್ ಪ್ಯಾಕೇಜ್, ಕೋವಿಡ್ ನಂತರ ಕಲಿಕಾ ಚೇತರಿಕೆ ಎಂದು ಒಂದಲ್ಲ ಒಂದು ವ್ಯವಸ್ಥೆ ಬೆಳೆದಿದೆ, ಬೆಳೆಯಲೂಬೇಕು. ಮುಂದೆ ಓಡಿದ ಮಗುವಿಗೆ ಮಾತ್ರ ಇಲಾಖೆಯ ಭಾಷೆಯಲ್ಲಿ ಒಂದು ಹೆಸರೂ ಇಲ್ಲ.

ಹುಡುಕುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ

ಪ್ರತಿಭೆಯನ್ನು ಹುಡುಕುವ ಕೆಲಸ ಈ ದೇಶದಲ್ಲಿ ಆರು ದಶಕಗಳಿಂದ ನಡೆದಿದೆ. ಎನ್‌ಸಿಇಆರ್‌ಟಿ 1963ರಲ್ಲಿ ದೆಹಲಿಯಲ್ಲಿ 10 ವಿದ್ಯಾರ್ಥಿವೇತನಗಳೊಂದಿಗೆ ಆರಂಭಿಸಿದ ವಿಜ್ಞಾನ ಪ್ರತಿಭಾ ಶೋಧ ಮುಂದೆ ರಾಷ್ಟ್ರೀಯ ಪ್ರತಿಭಾ ಶೋಧ ಪರೀಕ್ಷೆ (ಎನ್‌ಟಿಎಸ್‌ಇ) ಆಯಿತು, ವರ್ಷಕ್ಕೆ 2,000 ವಿದ್ಯಾರ್ಥಿಗಳವರೆಗೆ ಬೆಳೆಯಿತು. 2021ರ ಮಾರ್ಚ್ ತನಕ ಮಾತ್ರ ಅನುಮೋದನೆ ಇದ್ದುದರಿಂದ ಆಮೇಲೆ ನಿಂತಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ (ಕೆವಿಪಿವೈ) 1999ರಲ್ಲಿ ಶುರುವಾಗಿ 2022ರಲ್ಲಿ ಕೇಂದ್ರದ ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಹೋಯಿತು. 2019ರ ಅಕ್ಟೋಬರಿನಲ್ಲಿ ಬೆಂಗಳೂರಿನ ಇಸ್ರೋದಿಂದಲೇ ಚಾಲನೆ ಪಡೆದ 'ಧ್ರುವ' ಕಾರ್ಯಕ್ರಮ 60 ಮಕ್ಕಳನ್ನು 14 ದಿನ ಕರೆದೊಯ್ದಿತು. ನವೋದಯ ಶಾಲೆಗಳು ಜಿಲ್ಲೆಗೊಂದರಂತೆ ಆರನೇ ತರಗತಿಗೆ ಗರಿಷ್ಠ 80 ಮಕ್ಕಳನ್ನು ಆರಿಸಿಕೊಳ್ಳುತ್ತವೆ.

ಇವೆಲ್ಲ ಒಳ್ಳೆಯವೇ. ಆದರೆ ಇವುಗಳಲ್ಲಿ ಯಾವುದೂ ಮೇಷ್ಟ್ರನ್ನು ಬದಲಿಸಲಿಲ್ಲ. ಪರೀಕ್ಷೆ ಬರೆಸಿ, ಆರಿಸಿ, ಹಣ ಕೊಟ್ಟು ಅಥವಾ ಕ್ಯಾಂಪಿಗೆ ಕಳಿಸಿ, ಮಗುವನ್ನು ಮತ್ತೆ ಅದೇ ಬೆಂಚಿಗೆ ಕೂರಿಸಲಾಯಿತು. ನವೋದಯದಲ್ಲಿ ಬೆಂಚು ಬದಲಾಗುತ್ತದೆ, ಪಠ್ಯ ಮಾತ್ರ ಉಳಿದ ಸಿಬಿಎಸ್‌ಇ ಶಾಲೆಗಳದ್ದೇ.

ಲೆಕ್ಕ ಹಾಕಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಸರಾಸರಿ 100, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಚದುರಿರುವ ಅಳತೆ) 15 ಇರುವ ಬುದ್ಧಿಶಕ್ತಿ ಪರೀಕ್ಷೆಯಲ್ಲಿ 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ಕರ್ನಾಟಕದಲ್ಲಿ ಶಾಲೆಗೆ ಹೋಗುವ ಮಕ್ಕಳು ಒಂದು ಕೋಟಿಗಿಂತ ಹೆಚ್ಚು. ಅಂದರೆ ಬಿಗಿಯಾದ ಈ ಗೆರೆ ಎಳೆದರೂ ಎರಡು ಲಕ್ಷ ಮಕ್ಕಳು, 50 ಮಕ್ಕಳ ತರಗತಿಗೆ ಒಬ್ಬರಂತೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೋಸೆಫ್ ರೆನ್ಜುಲಿ ಹೇಳುವಂತೆ ಶಾಲೆಯ ಮೇಲಿನ 15ರಿಂದ 20 ಪ್ರತಿಶತವನ್ನು ಪ್ರತಿಭಾ ಸಮೂಹವೆಂದು ಹಿಡಿದರೆ ಸಂಖ್ಯೆ 15 ಲಕ್ಷ ದಾಟುತ್ತದೆ. ಇಷ್ಟು ಮಕ್ಕಳನ್ನು ಯಾವ ವಸತಿ ಶಾಲೆಯೂ ಹಿಡಿಸಲಾರದು. ಅವರಿಗೆ ಸಿಗುವುದು ಅವರ ಊರಿನ ಮೇಷ್ಟ್ರು, ಮೇಡಂ ಮಾತ್ರ. ಆ ಮೇಷ್ಟ್ರಿಗೆ ತರಬೇತಿ ಕೊಡುವ ತಾಣ ವಿಶ್ವವಿದ್ಯಾಲಯ.

ವಿಶ್ವವಿದ್ಯಾಲಯವೇ ಏಕೆ

ಹೊರಗಿನ ಅನುಭವ ಇಲ್ಲಿ ಉಪಯುಕ್ತ. ಅಮೆರಿಕದಲ್ಲಿ ಪ್ರತಿಭಾನ್ವಿತ ಮಕ್ಕಳ ಶಿಕ್ಷಣಕ್ಕೆಂದು ಬಂದ 1988ರ ಜಾವಿಟ್ಸ್ ಕಾಯ್ದೆಯ ನಂತರ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ಸಂಶೋಧನಾ ಕೇಂದ್ರ ಸ್ಥಾಪನೆಯಾಯಿತು. 1993ರಲ್ಲಿ ಅದು ಪ್ರಕಟಿಸಿದ ಎರಡು ಅಧ್ಯಯನಗಳು ಮುಜುಗರ ತರುವಂತಿದ್ದವು. ಮೂರು ಮತ್ತು ನಾಲ್ಕನೇ ತರಗತಿಯ ಶಿಕ್ಷಕರಲ್ಲಿ ಶೇ 61ರಷ್ಟು ಮಂದಿ ಪ್ರತಿಭಾನ್ವಿತ ಮಕ್ಕಳ ಬಗ್ಗೆ ಯಾವ ತರಬೇತಿಯನ್ನೂ ಪಡೆದಿರಲಿಲ್ಲ. 46 ತರಗತಿಗಳಲ್ಲಿ ಕುಳಿತು ನೋಡಿದಾಗ, ಮುಂದಿರುವ ಮಕ್ಕಳಿಗೆ ಶೇ 84ರಷ್ಟು ಚಟುವಟಿಕೆಗಳಲ್ಲಿ ಉಳಿದವರಿಗಿಂತ ಬೇರೆ ಏನನ್ನೂ ಕೊಟ್ಟಿರಲಿಲ್ಲ. ಹಣ, ಪುಸ್ತಕ, ಕಾನೂನು ಎಲ್ಲ ಇದ್ದ ದೇಶದ ಕಥೆಯಿದು.

ಅಲ್ಲಿನ ವಿಶ್ವವಿದ್ಯಾಲಯಗಳು ಮಾಡಿದ ಕೆಲಸದಲ್ಲಿ ಮೂರು ಬಗೆಗಳು ಕಾಣುತ್ತವೆ. ಕನೆಕ್ಟಿಕಟ್ 1978ರಿಂದ ಬೇಸಿಗೆಯಲ್ಲಿ ಕೆಲಸದಲ್ಲಿರುವ ಶಿಕ್ಷಕರನ್ನೇ ಕ್ಯಾಂಪಸ್ಸಿಗೆ ಕರೆಸಿ ಕಲಿಸುತ್ತ ಬಂತು. ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನ ಕೇಂದ್ರ ಶಿಕ್ಷಕರು ನೇರವಾಗಿ ತರಗತಿಗೆ ಒಯ್ಯಬಹುದಾದ ಪಾಠ ಘಟಕಗಳನ್ನು ಬರೆಯಿತು. ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯ ಶನಿವಾರಗಳಂದು ಮಕ್ಕಳನ್ನು ಕ್ಯಾಂಪಸ್ಸಿಗೆ ಕರೆಸಿತು, ತರಬೇತಿಯಲ್ಲಿರುವ ಶಿಕ್ಷಕರು ಅವರಿಗೆ ಅಲ್ಲಿಯೇ ಪಾಠ ಮಾಡಿದರು. ನಮಗೆ ಹೆಚ್ಚು ಹತ್ತಿರವಾದದ್ದು ಈ ಮೂರನೆಯದು. ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಅಂಟಿಕೊಂಡಿರುವ ಹಾಗೆ ಶಿಕ್ಷಕರ ಕೋರ್ಸಿಗೆ ಮಕ್ಕಳು ಅಂಟಿಕೊಂಡಿರಬೇಕು. ಮುಂದೆ ಓಡುವ ಹತ್ತು ಮಕ್ಕಳನ್ನಾದರೂ ಕಣ್ಣೆದುರು ಕೂರಿಸಿಕೊಂಡು ತಬ್ಬಿಬ್ಬಾಗದೆ ಯಾವ ಶಿಕ್ಷಕನಿಗೂ ಈ ವಿದ್ಯೆ ಹತ್ತುವುದಿಲ್ಲ.

ಬರೀ ಬಿ.ಎಡ್. ಕಾಲೇಜಿನಲ್ಲಿ ಸಿಗದ ಇನ್ನೊಂದು ಸಂಪತ್ತು ವಿಶ್ವವಿದ್ಯಾಲಯದಲ್ಲಿದೆ: ವಿಷಯ ವಿಭಾಗಗಳು. ಏಳನೇ ತರಗತಿಯ ಹುಡುಗಿ ಒಂದು ಹೊಸ ಪ್ರಶ್ನೆ ತಂದಾಗ ಅದು ಸಂಖ್ಯಾಶಾಸ್ತ್ರಕ್ಕೆ ಸೇರಿದ್ದೋ, ಭಾಷಾವಿಜ್ಞಾನಕ್ಕೋ ಎಂದು ಗುರುತಿಸಿ ಮುಂದಿನ ಮೆಟ್ಟಿಲು ತೋರಿಸಲು ಗಣಿತ ವಿಭಾಗದವರು, ಕನ್ನಡ ವಿಭಾಗದವರು ಬೇಕು. ಶಿಕ್ಷಣ ವಿಭಾಗ ಒಂದೇ ಇದನ್ನು ಮಾಡಹೊರಟರೆ ವಿಧಾನ ಇರುತ್ತದೆ, ಸರಕು ಇರುವುದಿಲ್ಲ.

ನಮ್ಮಲ್ಲಿ ಏನೂ ಇಲ್ಲವೆಂದು ಹೇಳುವುದು ತಪ್ಪಾದೀತು. ಪುಣೆಯ ಜ್ಞಾನ ಪ್ರಬೋಧಿನಿ ಸಂಸ್ಥೆ 1962ರಿಂದ ಈ ಕೆಲಸದಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ, ಎಂದರೆ ನಿಯಾಸ್, ಕೇಂದ್ರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿಯ ನೆರವಿನಿಂದ ಪ್ರೊ. ಅನಿತಾ ಕುರುಪ್ ನೇತೃತ್ವದಲ್ಲಿ ಭಾರತೀಯ ಮಕ್ಕಳನ್ನು ಗುರುತಿಸುವ ವಿಧಾನಗಳ ಮೇಲೆ ಕೆಲಸ ಮಾಡಿದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲೇ ಪ್ರಾತ್ಯಕ್ಷಿಕಾ ಶಾಲೆ ಇದೆ. ಆಸ್ಪತ್ರೆಯುಳ್ಳ ಕಾಲೇಜು ಎಂಬ ಮಾತಿಗೆ ಇದಕ್ಕಿಂತ ಸಿದ್ಧ ಉದಾಹರಣೆ ದಕ್ಷಿಣ ಭಾರತದಲ್ಲಿ ಹುಡುಕುವುದು ಕಷ್ಟ. ಸಂಶೋಧನೆ ಒಂದು ಊರಿನಲ್ಲಿ, ಶಾಲೆಯುಳ್ಳ ಕಾಲೇಜು ಇನ್ನೊಂದರಲ್ಲಿ, ಪಠ್ಯ ಮಂಡಳಿ ಮತ್ತೊಂದರಲ್ಲಿ ಇದ್ದರೆ ಸಾಲದು. ಮೂರೂ ಒಂದೇ ಕೋರ್ಸಿನೊಳಗೆ ಬರಬೇಕು.

ಗುರುತಿಸುವಾಗ ಎಲ್ಲಿ ಎಡವುತ್ತೇವೆ

ತರಬೇತಿಯ ಮೊದಲ ಭಾಗ ಗುರುತಿಸುವಿಕೆ. ಎಲ್ಲಕ್ಕಿಂತ ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ.

ಬುದ್ಧಿಶಕ್ತಿ ಪರೀಕ್ಷೆಯೊಂದನ್ನೇ ನಂಬಿದರೆ ಏನಾಗುತ್ತದೆ ಎನ್ನುವುದಕ್ಕೆ ಹಳೆಯ ನಿದರ್ಶನವಿದೆ. 1921ರಲ್ಲಿ ಸ್ಟಾನ್‌ಫರ್ಡಿನ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಮಕ್ಕಳಲ್ಲಿ ಅತಿ ಬುದ್ಧಿವಂತರನ್ನು ಆರಿಸಿ ದಶಕಗಳ ಕಾಲ ಹಿಂಬಾಲಿಸಿದರು. ಆ ಆಯ್ಕೆಯಲ್ಲಿ ಪರೀಕ್ಷೆಗೆ ಒಳಗಾಗಿ ಗೆರೆ ಮುಟ್ಟದೆ ಹೊರಗುಳಿದವರಲ್ಲಿ ವಿಲಿಯಂ ಶಾಕ್ಲಿ, ಲೂಯಿಸ್ ಅಲ್ವಾರೆಜ್ ಇದ್ದರು. ಇಬ್ಬರೂ ಮುಂದೆ ಭೌತವಿಜ್ಞಾನದಲ್ಲಿ ನೊಬೆಲ್ ಪಡೆದರು. ರೆನ್ಜುಲಿ 1978ರಲ್ಲಿ ಮೂರು ಉಂಗುರಗಳ ಚಿತ್ರ ಬರೆದದ್ದು ಇಂಥ ಹಿನ್ನೆಲೆಯಲ್ಲಿ: ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹಿಡಿದ ಕೆಲಸಕ್ಕೆ ಅಂಟಿಕೊಳ್ಳುವ ಛಲ, ಸೃಜನಶೀಲತೆ. ಮೂರೂ ಕೂಡುವ ಜಾಗದಲ್ಲಿ ಪ್ರತಿಭೆಯ ವರ್ತನೆ ಕಾಣುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. 1930ರ ದಶಕದಲ್ಲಿ ವಿ.ವಿ. ಕಾಮತ್ ಫ್ರೆಂಚ್ ಮನೋವಿಜ್ಞಾನಿ ಬಿನೆಯ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಅದು ಆ ಕಾಲಕ್ಕೆ ದೊಡ್ಡ ಸಾಧನೆ. ಬಿನೆ–ಕಾಮತ್ ಪರೀಕ್ಷೆಯ 1967ರ ಪರಿಷ್ಕೃತ ರೂಪ ಇಂದಿಗೂ ಬಳಕೆಯಲ್ಲಿದೆ. ಪರೀಕ್ಷೆಯ ಮಾನಕಗಳು, ಎಂದರೆ ಅಂಕವನ್ನು ಹೋಲಿಸಿ ನೋಡುವ ಸರಾಸರಿಗಳು, ಹಳತಾದಷ್ಟೂ ಅಂಕ ಉಬ್ಬುತ್ತದೆ ಎಂಬುದು ಹಲವು ದೇಶಗಳಲ್ಲಿ ಕಂಡ ಸಂಗತಿ, ದಶಕಕ್ಕೆ ಸುಮಾರು 3 ಅಂಶದಂತೆ. ಹಳೆಯ ಮಾನಕದ ಪರೀಕ್ಷೆಯಲ್ಲಿ 135 ಬಂದಿದೆ ಎಂದು ತಂದೆತಾಯಿ ಕಾಗದ ತಂದರೆ ಶಿಕ್ಷಕರು ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಪರೀಕ್ಷೆ, ಯಾವ ವರ್ಷದ ಮಾನಕ? ಚಿತ್ರಗಳ ಸಾಲು ತುಂಬಿಸುವ ಮಾತಿಲ್ಲದ ಪರೀಕ್ಷೆಗಳು ಭಾಷೆಯ ತೊಡಕನ್ನು ಕಡಿಮೆ ಮಾಡುತ್ತವೆ. ಲಂಬಾಣಿ, ತುಳು, ಉರ್ದು, ಸೋಲಿಗ ಮನೆಮಾತಿನ ಮಕ್ಕಳು ಕೂರುವ ಕನ್ನಡ ಮಾಧ್ಯಮದ ತರಗತಿಯಲ್ಲಿ ಇದು ಸಣ್ಣ ಅನುಕೂಲವಲ್ಲ. ಆದರೆ ನವೋದಯ ಕೋಚಿಂಗ್ ತರಗತಿಗಳು ಇಂಥವೇ ಚಿತ್ರಗಳನ್ನು ಮಕ್ಕಳಿಗೆ ಉರು ಹೊಡೆಸುತ್ತವೆ. ಕೋಚಿಂಗ್ ಪಡೆದ ಮಗುವಿನ ಅಂಕ ಅದರ ಯೋಚನಾಶಕ್ತಿಯನ್ನು ಅಳೆಯುವುದಿಲ್ಲ, ಅಪ್ಪನ ಜೇಬನ್ನು ಅಳೆಯುತ್ತದೆ.

ಹಾಗಾದರೆ ಶಿಕ್ಷಕರ ಶಿಫಾರಸನ್ನೇ ನಂಬೋಣವೇ? ಕಾಗದದ ಮೇಲೆ ಲೆಕ್ಕ ಮಾಡಿ ನೋಡಿ. ಶಾಲೆಯಲ್ಲಿ ನಿಜವಾಗಿಯೂ ಮುಂದಿರುವ ಮಕ್ಕಳು 20 ಎಂದುಕೊಳ್ಳಿ. ಶಿಕ್ಷಕರು ಹೆಸರು ಕೊಟ್ಟವರಿಗೆ ಮಾತ್ರ ಪರೀಕ್ಷೆ. ತರಬೇತಿಯಿಲ್ಲದ ಶಿಕ್ಷಕರು 20ರಲ್ಲಿ 10 ಮಂದಿಯನ್ನು ಹೆಸರಿಸಿದರು. ಪರೀಕ್ಷೆ ಚೆನ್ನಾಗಿಯೇ ಇದೆ, 10ರಲ್ಲಿ 8 ಮಂದಿಯನ್ನು ಹಿಡಿಯಿತು. ಸಿಕ್ಕವರು 8, ಬಿಟ್ಟುಹೋದವರು 12. ಪರೀಕ್ಷೆಯನ್ನು ಎಷ್ಟೇ ಉತ್ತಮಪಡಿಸಿದರೂ ಮೊದಲ ಬಾಗಿಲಲ್ಲೇ ತಡೆದ 10 ಮಕ್ಕಳು ಒಳಗೆ ಬರುವುದಿಲ್ಲ. ಬಿಟ್ಟುಹೋಗುವವರಾದರೂ ಯಾರು? ಮಾತಾಡದ ಹುಡುಗಿಯರು, ಅಕ್ಷರ ಕೆಟ್ಟಿರುವವರು, ಡಿಸ್ಲೆಕ್ಸಿಯಾ ಜೊತೆಗೆ ಬುದ್ಧಿಯೂ ಇರುವವರು, ಮೇಷ್ಟ್ರನ್ನು ಅಡ್ಡಪ್ರಶ್ನೆ ಕೇಳಿ ಸಿಟ್ಟು ಬರಿಸಿದವರು.

ಅಮೆರಿಕದ ಫ್ಲೋರಿಡಾದ ಬ್ರೋವರ್ಡ್ ಕೌಂಟಿ 2005ರಲ್ಲಿ ಈ ಬಾಗಿಲನ್ನೇ ತೆಗೆದುಹಾಕಿತು. ಶಿಫಾರಸಿಗೆ ಕಾಯದೆ ಎರಡನೇ ತರಗತಿಯ ಎಲ್ಲ ಮಕ್ಕಳಿಗೂ ಮಾತಿಲ್ಲದ ಪರೀಕ್ಷೆ ಕೊಟ್ಟಿತು. ಪ್ರತಿಭಾನ್ವಿತರೆಂದು ಗುರುತಿಸಿದವರಲ್ಲಿ ಬಡವರ, ಕಪ್ಪು ಜನಾಂಗದ, ಹಿಸ್ಪಾನಿಕ್ ಮಕ್ಕಳ ಪ್ರಮಾಣ ಗಣನೀಯವಾಗಿ ಏರಿತು. ಹಣವಿಲ್ಲವೆಂದು ಯೋಜನೆಯನ್ನು ನಿಲ್ಲಿಸಿದಾಗ ಮತ್ತೆ ಹಳೆಯ ಮಟ್ಟಕ್ಕೇ ಇಳಿಯಿತು. ಮಕ್ಕಳು ಎರಡೂ ಹೊತ್ತಿನಲ್ಲಿ ಅಲ್ಲೇ ಇದ್ದರು, ನೋಡುವ ವಿಧಾನ ಬದಲಾಗಿತ್ತು ಅಷ್ಟೇ.

ಇದರಿಂದ ನಮ್ಮ ಶಿಕ್ಷಕರ ತರಬೇತಿಗೆ ತೆಗೆದುಕೊಳ್ಳಬೇಕಾದದ್ದು ಎರಡು. ಮೊದಲನೆಯದು, ಗೆರೆಯನ್ನು ರಾಜ್ಯಕ್ಕೆಲ್ಲ ಒಂದೇ ಎಂದು ಎಳೆಯದೆ ಶಾಲೆ ಶಾಲೆಗೂ ಎಳೆಯುವುದು. ಯಾದಗಿರಿಯ ಒಂದು ಹಳ್ಳಿ ಶಾಲೆಯ ಮೇಲಿನ ಹತ್ತರಲ್ಲೊಂದು ಭಾಗವನ್ನು ಬೆಂಗಳೂರಿನ ಜಯನಗರದ ಶಾಲೆಯ ಜೊತೆ ಹೋಲಿಸಬೇಕಾಗಿಲ್ಲ. ಅವರವರ ತರಗತಿಯಲ್ಲಿ ಪಾಠಕ್ಕಿಂತ ಮುಂದಿರುವವರು ಯಾರು ಎಂಬುದೊಂದೇ ಪ್ರಶ್ನೆ. ಜಾತಿ, ವರ್ಗಗಳ ನೆರಳಿನಲ್ಲಿ 'ಮೆರಿಟ್' ಎಂಬ ಮಾತನ್ನು ಆಯುಧವಾಗಿ ಬಳಸುವ ನಮ್ಮ ಸಮಾಜದಲ್ಲಿ ಇದಕ್ಕಿಂತ ಕಡಿಮೆ ಎಚ್ಚರ ಸಾಲದು. ಎರಡನೆಯದು, 'ಚುರುಕಾದ ಮಗು ಯಾರು' ಎಂಬ ಪ್ರಶ್ನೆಯನ್ನು ಕೈಬಿಟ್ಟು ಕಣ್ಣಿಗೆ ಬಿದ್ದ ವರ್ತನೆಯನ್ನು ಕೇಳುವ ನಮೂನೆ. ಕ್ರಮ ಬರೆಯದೆ ಸರಿ ಉತ್ತರ ಕೊಟ್ಟವರು ಯಾರು? ಪಾಠ ಮುಗಿದ ಮೇಲೂ ಅದೇ ವಿಷಯಕ್ಕೆ ಮರಳಿ ಬಂದವರು ಯಾರು? ಪುಸ್ತಕದಲ್ಲಿನ ತಪ್ಪು ಹಿಡಿದವರು ಯಾರು? ಒಂದು ವಿಷಯದಲ್ಲಿ ತೀರ ಮುಂದೆ, ಇನ್ನೊಂದರಲ್ಲಿ ತೀರ ಹಿಂದೆ ಇರುವವರು ಯಾರು? ಪ್ರತಿ ಉತ್ತರದ ಎದುರು ದಿನಾಂಕ, ಆ ದಿನ ನಡೆದದ್ದು, ಎರಡು ಸಾಲು. ಆರು ವಾರ ಹೀಗೆ ಬರೆದಿಟ್ಟರೆ ಸಿಗುವ ಹೆಸರುಗಳು ಮೊದಲ ದಿನ ಬಾಯಿಗೆ ಬಂದ ಹೆಸರುಗಳಿಗಿಂತ ಬೇರೆಯಾಗಿರುತ್ತವೆ. (ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ 'ಜಾಣ ಮಗು ಹೀಗೆ, ಪ್ರತಿಭಾವಂತ ಮಗು ಹಾಗೆ' ಎಂಬ ಎರಡು ಕಾಲಂಗಳ ಪಟ್ಟಿಗೆ ಸಂಶೋಧನೆಯ ಆಧಾರವಿಲ್ಲ. ಅದನ್ನು ನಮೂನೆಯಾಗಿ ಬಳಸಬಾರದು.)

ತರಗತಿಯಲ್ಲಿ ಮಾಡುವುದೇನು: ಪಾಠ ಅಡಕ ಮಾಡುವ ವಿದ್ಯೆ

ಒಂದೇ ಒಂದು ಕೌಶಲ ಕಲಿಸಲು ಸಮಯವಿದೆ ಎಂದಾದರೆ ಕಲಿಸಬೇಕಾದದ್ದು ಪಾಠವನ್ನು ಅಡಕಗೊಳಿಸುವುದು. ಗೊತ್ತಿರುವುದನ್ನು ಬಿಟ್ಟು, ಉಳಿದ ಸಮಯಕ್ಕೆ ಬೇರೆ ಕೆಲಸ ಕೊಡುವುದು ಅದರ ತಿರುಳು. ಕನೆಕ್ಟಿಕಟ್ ಕೇಂದ್ರದ ಪ್ರಯೋಗದಲ್ಲಿ ಮುಂದಿರುವ ಮಕ್ಕಳಿಗೆ ಪಠ್ಯದ ಸುಮಾರು ಅರ್ಧ ಭಾಗವನ್ನು ತೆಗೆದುಹಾಕಿದರೂ ಅವರ ಪರೀಕ್ಷಾ ಫಲಿತಾಂಶ ಇಳಿಯಲಿಲ್ಲ. ಅದೇ ಪ್ರಯೋಗ ಹೊರತಂದ ದುರ್ಬಲ ಕೊಂಡಿಯೂ ಒಂದಿದೆ: ಶಿಕ್ಷಕರು ಯಾವುದನ್ನು ಬಿಡಬೇಕೆಂದು ಬೇಗ ಕಲಿತರು, ಆ ಜಾಗದಲ್ಲಿ ಏನನ್ನು ತುಂಬಬೇಕೆಂದು ತಿಳಿಯದೆ ಒದ್ದಾಡಿದರು.

ನಮ್ಮ ಏಳನೇ ತರಗತಿಗೆ ಇದನ್ನು ಇಳಿಸಿದರೆ ಹೀಗಿರುತ್ತದೆ. ಗಣಿತದ ಒಂದು ಅಧ್ಯಾಯಕ್ಕೆ 15 ಪೀರಿಯಡ್ ಇದೆ ಎಂದಿಟ್ಟುಕೊಳ್ಳಿ. ಅಧ್ಯಾಯದ ಕೊನೆಯಲ್ಲಿ ಕೊಡಬೇಕಾದ ಪರೀಕ್ಷೆಯನ್ನು ಮೊದಲೇ ಕೊಡಬೇಕು, ಹನ್ನೆರಡು ಪ್ರಶ್ನೆ, ಒಂದು ಪೀರಿಯಡ್, ಇಡೀ ತರಗತಿಗೆ. 'ಇದು ಅಂಕಕ್ಕಲ್ಲ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪುಸ್ತಕಕ್ಕೆ ಹೋಗುವುದಿಲ್ಲ' ಎಂದು ಹೇಳಿಬಿಡಬೇಕು. ಇಲ್ಲದಿದ್ದರೆ ಮಕ್ಕಳು ನಕಲು ಮಾಡುತ್ತಾರೆ, ಪೂರ್ವಪರೀಕ್ಷೆಯ ಉದ್ದೇಶವೇ ಹಾಳು. ಹತ್ತು ಅಥವಾ ಹೆಚ್ಚು ಸರಿ ಮಾಡಿದವರು ಅಡಕಕ್ಕೆ ಅರ್ಹರು. ಅವರು ತಪ್ಪಿದ ಪ್ರಶ್ನೆಗಳು ಯಾವ ಪೀರಿಯಡ್‌ಗಳ ಪಾಠಕ್ಕೆ ಸೇರಿವೆ ಎಂದು ಗುರುತು ಹಾಕಿ, ಆ ಪೀರಿಯಡ್‌ಗಳಲ್ಲಿ ಎಲ್ಲರ ಜೊತೆ ಕೂರಿಸಬೇಕು. ಉಳಿದ ಎಂಟೊಂಬತ್ತು ಪೀರಿಯಡ್ ಬಿಡುವು. ಕೊನೆಯ ಘಟಕ ಪರೀಕ್ಷೆಯನ್ನು ಅವರೂ ಎಲ್ಲರಂತೆ ಬರೆಯಬೇಕು. ಅದು ಪೋಷಕರಿಗೂ ಮುಖ್ಯೋಪಾಧ್ಯಾಯರಿಗೂ ಭರವಸೆ. ಇದೆಲ್ಲ ಒಂದು ಹಾಳೆಯಲ್ಲಿ ಮೂರು ಕಾಲಂ: ಏನು ಗೊತ್ತಿದೆ ಮತ್ತು ಅದಕ್ಕೆ ಪುರಾವೆ ಏನು, ಉಳಿದದ್ದನ್ನು ಹೇಗೆ ಮುಗಿಸುತ್ತೇವೆ, ಉಳಿದ ಸಮಯದಲ್ಲಿ ಏನು ಮಾಡುತ್ತಾರೆ.

ಮೂರನೇ ಕಾಲಂನಲ್ಲೇ ಎಲ್ಲ ಕೆಡುವುದು. ಅದೇ ಬಗೆಯ ಇಪ್ಪತ್ತು ಲೆಕ್ಕ ಹೆಚ್ಚು ಕೊಟ್ಟರೆ ಅದು ಶಿಕ್ಷೆ. ಮುಂದಿನ ಸಲ ಮಗು ಬೇಕೆಂದೇ ಪೂರ್ವಪರೀಕ್ಷೆಯಲ್ಲಿ ತಪ್ಪು ಬರೆಯುತ್ತದೆ. 'ನೀನು ಆ ನಾಲ್ವರಿಗೆ ಹೇಳಿಕೊಡು' ಎಂದು ವರ್ಷವಿಡೀ ಮಾನಿಟರ್ ಮಾಡಿದರೆ ಶಾಲೆಗೆ ಸಂಬಳವಿಲ್ಲದ ಸಹಾಯಕ ಸಿಕ್ಕಂತೆ, ಮಗುವಿಗೆ ಕಲಿಕೆಯಿಲ್ಲ. ಎಂಟನೇ ತರಗತಿಯ ಪುಸ್ತಕ ಕೈಗಿಟ್ಟು ಕೂರಿಸಿದರೆ ಮುಂದಿನ ವರ್ಷದ ಬೇಸರಕ್ಕೆ ಮುಂಗಡ ಕೊಟ್ಟಂತೆ, ಎಂಟನೇ ತರಗತಿಯ ಮೇಷ್ಟ್ರು ಒಪ್ಪಿ ಮುಂದುವರಿಸದಿದ್ದರೆ.

ಒಳ್ಳೆಯ ಸರಕು ಹೇಗಿರಬೇಕು ಎನ್ನುವುದಕ್ಕೆ ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ ಡಿ.ಆರ್. ಕಾಪ್ರೇಕರ್ 1949ರಲ್ಲಿ ಮುಂದಿಟ್ಟ 6174 ಸಾಕು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ, 3524 ಎನ್ನಿ. ಇಳಿಕೆಯಲ್ಲಿ ಬರೆದು ಏರಿಕೆಯದನ್ನು ಕಳೆಯಿರಿ: 5432ರಿಂದ 2345 ಕಳೆದರೆ 3087. ಮತ್ತೆ 8730ರಿಂದ 0378 ಕಳೆದರೆ 8352. ಮತ್ತೆ 8532ರಿಂದ 2358 ಕಳೆದರೆ 6174. ಅಲ್ಲಿಂದ ಮುಂದೆ ಅದೇ ಸಂಖ್ಯೆ. ಹೆಚ್ಚೆಂದರೆ ಏಳು ಹೆಜ್ಜೆಗೆ ಯಾವ ಸಂಖ್ಯೆಯಾದರೂ ಇಲ್ಲಿಗೇ ಬರುತ್ತದೆ. ಇಷ್ಟನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದರೆ ಅದು ಜಾದೂ. ಪಾಠ ಆಗುವುದು ಮುಂದಿನ ಪ್ರಶ್ನೆಯಿಂದ. ಮೂರಂಕಿಗೆ ಏನಾಗುತ್ತದೆ? 495ರಲ್ಲಿ ನಿಲ್ಲುತ್ತದೆ. ಎರಡಂಕಿಗೆ? ನಿಲ್ಲುವುದೇ ಇಲ್ಲ: 09, 81, 63, 27, 45, ಮತ್ತೆ 09 ಎಂದು ಸುತ್ತುತ್ತದೆ. ಏಕೆ? ಮೂರಂಕಿಯಲ್ಲಿ ಮಧ್ಯದ ಅಂಕಿ ಕಳೆಯುವಾಗ ಬಿದ್ದುಹೋಗಿ, ಉತ್ತರ ಯಾವಾಗಲೂ ದೊಡ್ಡ ಅಂಕಿ ಮತ್ತು ಸಣ್ಣ ಅಂಕಿಯ ವ್ಯತ್ಯಾಸದ 99 ಪಟ್ಟು ಆಗುತ್ತದೆ ಎಂಬುದನ್ನು ಏಳನೇ ತರಗತಿಯ ಮಗು ಎರಡು ದಿನ ಒದ್ದಾಡಿ ತಾನೇ ಕಾಣಬಲ್ಲದು. ಬೀಜಗಣಿತ ಬೇಕೆನಿಸುವುದು ಆಗ. ಖರ್ಚು ಒಂದು ನೋಟ್‌ಬುಕ್. ಶಿಕ್ಷಕರಿಗೆ ಬೇಕಾದದ್ದು ಉತ್ತರ ಹೇಳಿಬಿಡದ ಸಂಯಮ. ಅದು ತರಬೇತಿಯಿಲ್ಲದೆ ಬರುವುದಿಲ್ಲ.

ಇಂಥ ಘಟಕಗಳು ಪ್ರತಿ ಅಧ್ಯಾಯಕ್ಕೂ ಒಂದೆರಡು ಬೇಕು, ಕನ್ನಡದಲ್ಲಿ ಬೇಕು. ಒಬ್ಬೊಬ್ಬ ಶಿಕ್ಷಕರೇ ಇವನ್ನು ಬರೆಯಲಿ ಎನ್ನುವುದು ಅನ್ಯಾಯ. ವಿಷಯ ವಿಭಾಗಗಳ ಎಂ.ಎಸ್ಸಿ., ಎಂ.ಎ. ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಬರೆಸಿ, ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಮಕ್ಕಳ ಮುಂದಿಟ್ಟು ಪರೀಕ್ಷಿಸಿ ತಿದ್ದಿದರೆ, ಮೂರು ವರ್ಷದಲ್ಲಿ ಒಂದು ವಿಶ್ವವಿದ್ಯಾಲಯದ ಕೈಯಲ್ಲಿ ಗಟ್ಟಿ ಸಂಗ್ರಹ ಇರುತ್ತದೆ.

ಡಬಲ್ ಪ್ರಮೋಷನ್ ಎಂಬ ಮರೆತ ಪದ

ಹಳೆಯ ತಲೆಮಾರಿಗೆ 'ಡಬಲ್ ಪ್ರಮೋಷನ್' ಗೊತ್ತು. ಈಗ ಕೇಳಿದರೆ ಶಿಕ್ಷಕರು ಹೆದರುತ್ತಾರೆ: ವಯಸ್ಸಿನ ನಿಯಮ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ವಿವರವಿಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲೆ, ದೊಡ್ಡ ಮಕ್ಕಳ ನಡುವೆ ಸಣ್ಣದು ಕುಗ್ಗಿಹೋಗುವ ಭಯ. ಅಯೋವಾ ವಿಶ್ವವಿದ್ಯಾಲಯದ ಬೆಲಿನ್–ಬ್ಲಾಂಕ್ ಕೇಂದ್ರ 2004ರಲ್ಲಿ ಹೊರತಂದ ವರದಿ ಬೇಗ ಮುಂದೆ ಹೋಗಲು 18 ಬಗೆಗಳಿವೆ ಎಂದು ಪಟ್ಟಿ ಮಾಡಿತು. ತರಗತಿ ಜಿಗಿಯುವುದು ಅವುಗಳಲ್ಲಿ ಒಂದು ಮಾತ್ರ. ಒಂದು ವಿಷಯಕ್ಕಷ್ಟೇ ಮೇಲಿನ ತರಗತಿಗೆ ಹೋಗಿ ಕೂರುವುದಕ್ಕೆ ಯಾವ ಆದೇಶವೂ ಬೇಡ. ಆರನೇ ತರಗತಿಯ ಹುಡುಗ ಗಣಿತಕ್ಕೆ ಮಾತ್ರ ಎಂಟಕ್ಕೆ ಹೋಗಬಹುದು, ಎರಡೂ ತರಗತಿಗಳ ಗಣಿತದ ಪೀರಿಯಡ್ ಒಂದೇ ಹೊತ್ತಿಗೆ ಇದ್ದರೆ. ವೇಳಾಪಟ್ಟಿ ಹಾಕುವ ಹಿರಿಯ ಶಿಕ್ಷಕರು ಜೂನ್‌ನಲ್ಲೇ ಮನಸ್ಸು ಮಾಡಿದರೆ ಸಾಕು.

ಒಂದು ಶತಮಾನದ ಸಂಶೋಧನೆಗಳನ್ನು ಒಟ್ಟಿಗೆ ತೂಗಿದ 2016ರ ಅವಲೋಕನದಲ್ಲಿ ಹೀಗೆ ಬೇಗ ಮುಂದೆ ಕಳಿಸಿದ ಮಕ್ಕಳು ಅದೇ ವಯಸ್ಸಿನ, ಅದೇ ಸಾಮರ್ಥ್ಯದ ಇತರರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಅಂಕದ ಮೇಲೆ ಮಕ್ಕಳನ್ನು ಎ, ಬಿ, ಸಿ ಸೆಕ್ಷನ್ ಮಾಡಿ ಎಲ್ಲರಿಗೂ ಅದೇ ಪಾಠ ಮಾಡುವುದರಿಂದ ಯಾವ ಲಾಭವೂ ಕಾಣಲಿಲ್ಲ. ನಮ್ಮ ಖಾಸಗಿ ಶಾಲೆಗಳ ಪ್ರೀತಿಯ ಪದ್ಧತಿ ಈ ಎರಡನೆಯದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೋರ್ಸನ್ನು ಕಟ್ಟುವುದು ಹೇಗೆ

ಎರಡು ವರ್ಷದ ಬಿ.ಎಡ್.ನಲ್ಲಿ ಎಂಟು ಕ್ರೆಡಿಟ್ ಬಿಡಿಸಿಕೊಂಡರೆ ಹೆಸರಿಗೆ ತಕ್ಕ ವಿಶೇಷ ಅಧ್ಯಯನ ಸಾಧ್ಯ. ನಾಲ್ಕು ಕ್ರೆಡಿಟ್ ಪಾಠ, ಅಂದರೆ 60 ಗಂಟೆ: ಗುರುತಿಸುವಿಕೆ ಮತ್ತು ಅಳತೆಗೆ 15, ಪಠ್ಯ ಬದಲಾಯಿಸುವ ವಿಧಾನಗಳಿಗೆ 25, ಮಕ್ಕಳ ಭಾವಲೋಕ ಹಾಗೂ ಪ್ರತಿಭೆಯ ಜೊತೆ ಕಲಿಕೆಯ ತೊಡಕೂ ಇರುವ ಮಕ್ಕಳಿಗೆ 10, ಪೋಷಕರು, ಮುಖ್ಯೋಪಾಧ್ಯಾಯರು, ಇಲಾಖೆಯೊಂದಿಗೆ ವ್ಯವಹರಿಸುವುದಕ್ಕೆ 10. ಉಳಿದ ನಾಲ್ಕು ಕ್ರೆಡಿಟ್ ಪೂರ್ತಿ ಅಭ್ಯಾಸ, ಕ್ರೆಡಿಟ್ಟಿಗೆ 30 ಗಂಟೆಯಂತೆ 120 ಗಂಟೆ. ಟರ್ಮನ್‌ನಿಂದ ಹಿಡಿದು ಇತಿಹಾಸ ಹೇಳುತ್ತ ಹೋಗಿ ಮೊದಲ 15 ಗಂಟೆಯನ್ನೇ 40 ಮಾಡಿಬಿಡುವುದು ಇಂಥ ಕೋರ್ಸುಗಳ ಸಾಮಾನ್ಯ ರೋಗ.

ಅಭ್ಯಾಸದ ತಿರುಳು ಶನಿವಾರ. ನಮ್ಮ ಶಾಲೆಗಳಲ್ಲಿ ಶನಿವಾರ ಬೆಳಗಿನ ಅರ್ಧ ದಿನ ಮಾತ್ರ ಇರುವುದು ಇಲ್ಲಿ ವರ. ಒಂದು ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) 20 ಮಕ್ಕಳು, 10 ಪ್ರಶಿಕ್ಷಣಾರ್ಥಿಗಳು, ಇಬ್ಬರು ಮೇಲ್ವಿಚಾರಕರು, ಹತ್ತು ಶನಿವಾರ, ತಲಾ ಮೂರು ಗಂಟೆ. ಇಬ್ಬರು ಪ್ರಶಿಕ್ಷಣಾರ್ಥಿಗಳಿಗೆ ನಾಲ್ಕು ಮಕ್ಕಳು. ಒಬ್ಬರು ಕಲಿಸುತ್ತಾರೆ, ಇನ್ನೊಬ್ಬರು ಮಗು ಆಡಿದ ಮಾತನ್ನು ಹಾಗೆ ಹಾಗೆಯೇ ಬರೆದುಕೊಳ್ಳುತ್ತಾರೆ, ಮುಂದಿನ ವಾರ ಅದಲು ಬದಲು. ಮಕ್ಕಳು ಹೋದ ಮೇಲೆ ಒಂದು ಗಂಟೆ ಆ ಬರಹವನ್ನು ಮುಂದಿಟ್ಟು ಚರ್ಚೆ. ಶಿಕ್ಷಕಿ ಎಲ್ಲಿ ಉತ್ತರ ಹೇಳಿಬಿಟ್ಟಳು, ಮಗುವಿನ ಯಾವ ಪ್ರಶ್ನೆ ಕೇಳಿಸಲೇ ಇಲ್ಲ ಎನ್ನುವುದು ಅಲ್ಲಿ ಹೊರಬರುತ್ತದೆ. ಇಡೀ ಕೋರ್ಸಿನಲ್ಲಿ ಅತಿ ಬೆಲೆಯ ಗಂಟೆ ಅದು, ಬಸ್ಸಿಗೆ ಹೊತ್ತಾಯಿತೆಂದು ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಕೇಂದ್ರ ಎಲ್ಲಿರಬೇಕು ಎಂಬುದನ್ನು ಪಠ್ಯ ಮಂಡಳಿಗಳು ಚರ್ಚಿಸುವುದೇ ಇಲ್ಲ. ಕ್ಯಾಂಪಸ್ಸಿಗೆ ಮಕ್ಕಳನ್ನು ಕರೆಸಿದರೆ ಮೂರನೇ ವಾರಕ್ಕೆ ಹಾಜರಿ ಅರ್ಧಕ್ಕೆ ಇಳಿಯುವ ಅಪಾಯವಿದೆ, ಮೊದಲು ಬಿಡುವವರು ದೂರದ ಹಳ್ಳಿಯ ಹುಡುಗಿಯರು. ಸಂಜೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಆರೂವರೆಗೆ ಎಂದಾದರೆ ಯಾವ ತಾಯಿಯೂ ಕಳಿಸುವುದಿಲ್ಲ. ಹಾಗಾಗಿ ಕ್ಲಸ್ಟರ್ ಶಾಲೆಯಲ್ಲೇ ನಡೆಸಿ, ಪ್ರಶಿಕ್ಷಣಾರ್ಥಿಗಳು ಪ್ರಯಾಣ ಮಾಡಲಿ. ಶನಿವಾರದ ಬಿಸಿಯೂಟ ಮುಗಿಸಿಕೊಂಡು ಮಕ್ಕಳು ಅಲ್ಲೇ ಕೂರಬಹುದು. ಇನ್ನೊಂದು ಅಪಾಯ, ಕಾರ್ಯಕ್ರಮ ಬೇಸಿಗೆ ಶಿಬಿರವಾಗಿ ಜಾರುವುದು. ಸೋಡಾ ಮತ್ತು ವಿನೆಗರ್ ಸುರಿದು ಜ್ವಾಲಾಮುಖಿ ಮಾಡಿದ ದಿನ ಎಲ್ಲರಿಗೂ ಖುಷಿ, ಫೋಟೊ ಚೆನ್ನಾಗಿ ಬರುತ್ತದೆ, ಮುಂದಿನ ವಾರಕ್ಕೆ ಒಂದು ಪ್ರಶ್ನೆಯೂ ಉಳಿದಿರುವುದಿಲ್ಲ.

ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರಿಗೆ ಬಿ.ಎಡ್. ದಾರಿ ಮುಚ್ಚಿದೆ. ಅವರಿಗೆ ಒಂದು ದಿನದ ಕಾರ್ಯಾಗಾರ ಮಾಡಿ ಪ್ರಮಾಣಪತ್ರ ಹಂಚುವುದು ಸುಲಭ, ವ್ಯರ್ಥ. ಬೇಸಿಗೆಯಲ್ಲಿ ಐದು ದಿನ, ಆಮೇಲೆ ಪ್ರತಿ ತಿಂಗಳ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ, ವರ್ಷಕ್ಕೆ ಎರಡು ಸಲ ತರಗತಿ ವೀಕ್ಷಣೆ ಎಂದಾದರೆ ಹೊಸ ಸಭೆ ಯಾವುದನ್ನೂ ಸೃಷ್ಟಿಸಬೇಕಿಲ್ಲ. ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ (ಡಯಟ್), ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ (ಸಿಆರ್‌ಪಿ) ಜಾಲ ಇದ್ದೇ ಇದೆ. ಮಾಸಿಕ ಸಭೆಗೆ ಶಿಕ್ಷಕರು ತರಬೇಕಾದದ್ದು ವರದಿಯಲ್ಲ, ಆ ಮೂರು ಕಾಲಂನ ಹಾಳೆ, ಒಂದೇ ಒಂದು ಮಗುವಿನದ್ದು.

ನಮ್ಮ ಶಿಕ್ಷಕರು ಇದಕ್ಕೆ ತೀರ ಹೊಸಬರೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಮಾಡಿದ್ದೇನು? ಕಲಿಕಾ ಏಣಿ ಇಟ್ಟು, ಮೈಲಿಗಲ್ಲು ನೆಟ್ಟು, ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತಲಿ ಎಂದಿತು. ಪೂರ್ತಿ ಶಿಕ್ಷಕರ ನೆರವಿನ ತಟ್ಟೆಯಿಂದ ಸ್ವಕಲಿಕೆಯ ತಟ್ಟೆಯವರೆಗೆ ಮಕ್ಕಳನ್ನು ಕೂರಿಸುವ ಆ ಕ್ರಮದಲ್ಲಿ ಪಾಠ ಅಡಕ ಮಾಡುವ ತತ್ವ ಆಗಲೇ ಇದೆ. ಮೊದಲ ಮೂರು ತರಗತಿಗಳ ಸಾವಿರಾರು ಶಿಕ್ಷಕರು ಅದನ್ನು ಕೈಯಾರೆ ಮಾಡಿದ್ದಾರೆ. ನಾಲ್ಕನೇ ತರಗತಿಗೆ ಕಾಲಿಟ್ಟ ಕೂಡಲೇ ಏಣಿ ಹೋಗಿ ಪುಸ್ತಕ ಬರುತ್ತದೆ, ಎಲ್ಲರಿಗೂ ಒಂದೇ ದಿನ ಒಂದೇ ಪುಟ. ವಿಶ್ವವಿದ್ಯಾಲಯಗಳು ಮೊದಲ ಪ್ರಯೋಗಕ್ಕೆ ತರಗತಿ ಆರಿಸಬೇಕಾದರೆ ಅದು ಈ ನಾಲ್ಕನೆಯದೇ ಆಗಬೇಕು. ಹಿಂದಿನ ಮೂರು ವರ್ಷ ಯಾವ ಮಗು ಏಣಿಯನ್ನು ಎಷ್ಟು ಬೇಗ ಹತ್ತಿತು ಎಂಬ ದಾಖಲೆ ನಲಿಕಲಿ ಶಿಕ್ಷಕಿಯ ಪ್ರಗತಿ ನೋಟದಲ್ಲಿರುತ್ತದೆ. ಪರೀಕ್ಷೆ ಕೊಳ್ಳುವ ಮೊದಲು ಅದನ್ನು ತೆಗೆದು ನೋಡಬಹುದು.